ಅಜ್ಜಿಯ ಸಂಗೀತ ಪುಸ್ತಕ ಹಿಡಿದು ಕರಾವಳಿಯ ಸಭೆಗಳಿಗೆ

ಗುರುವಾರ ರಾತ್ರಿ

ಅಜ್ಜಿ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಬೆಂಗಳೂರಿನ ನಮ್ಮ ಮನೆಯಲ್ಲಿ, 91ನೇ ವಯಸ್ಸಿನಲ್ಲಿ, ನಿದ್ದೆಯಲ್ಲೇ ಹೋದರು. ಇಲ್ಲೇ ಮಣ್ಣು ಮಾಡಿದೆವು. ಆದರೆ ಅವರ ಬದುಕು ನಡೆದದ್ದೆಲ್ಲ ಕರಾವಳಿಯಲ್ಲಿ. ಹುಟ್ಟಿದ್ದು ಮಂಗಳೂರಿನ ಜೆಪ್ಪುವಿನಲ್ಲಿ, ಓದಿದ್ದು ಮೂಲ್ಕಿಯಲ್ಲಿ, ನರ್ಸ್ ಆಗಿ ದುಡಿದದ್ದು ಉಡುಪಿಯಲ್ಲಿ. ಅವರ ಜೊತೆ ಹಾಡಿದವರು, ಅವರ ಕೈಯಲ್ಲಿ ಔಷಧಿ ಕುಡಿದವರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರನ್ನೆಲ್ಲ ಒಮ್ಮೆ ನೋಡಿ ಬರಬೇಕು ಎಂದು ಅಮ್ಮ ಹೇಳುತ್ತಲೇ ಇದ್ದರು.

ಕೊನೆಗೆ ಹೊರಡುವ ಹಾಗೆ ಮಾಡಿದ್ದು ಒಂದು ಪುಸ್ತಕ. ಅಜ್ಜಿಯ ಕಪಾಟು ಖಾಲಿ ಮಾಡುವಾಗ ಅವರ ಸಂಗೀತ ಪುಸ್ತಕ, ಅಂದರೆ ಚರ್ಚಿನಲ್ಲಿ ಹಾಡುವ ಗೀತೆಗಳ ಪುಸ್ತಕ, ಸಿಕ್ಕಿತು. ಕಪ್ಪು ರಟ್ಟು, ಬೆನ್ನಿಗೆ ಬಟ್ಟೆ ಅಂಟಿಸಿದ್ದಾರೆ. ಪ್ರತಿ ಭಾನುವಾರ ಅವರ ಕೈಯಲ್ಲಿ ನೋಡಿದ್ದೇ. ಒಳಗೆ ಮಾತ್ರ ನಾನು ಯಾವತ್ತೂ ನೋಡಿರಲಿಲ್ಲ. ಶವಸಂಸ್ಕಾರದಲ್ಲಿ ಹಾಡುವ ಗೀತೆಗಳ ಪುಟಗಳಲ್ಲಿ, ಅಂಚಿನ ಉದ್ದಕ್ಕೂ, ಪೆನ್ಸಿಲಿನಲ್ಲಿ ಸಣ್ಣ ಅಕ್ಷರಗಳು. ತಾರೀಖು, ಊರು, ಹೆಸರು. ಕೆಲವು ಕಡೆ ಇನ್ನೊಂದು ಮಾತು: ‘ಜೋರು ಮಳೆ’, ‘ರಾತ್ರಿ’, ‘ಹನ್ನೆರಡು ದಿನದ ಮಗು’. ಯಾರ ಮನೆಯಲ್ಲಿ ಸಾವಾದರೂ ಅಜ್ಜಿ ಹೋಗಿ ಹಾಡುತ್ತಿದ್ದರು ಎಂದು ನಮಗೆಲ್ಲ ಗೊತ್ತಿತ್ತು. ಅದನ್ನು ಬರೆದಿಡುತ್ತಿದ್ದರು ಎಂದು ಅಮ್ಮನಿಗೂ ಗೊತ್ತಿರಲಿಲ್ಲ.

ಆ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರು ಈಗಲೂ ಅದೇ ಊರುಗಳಲ್ಲಿ ಇದ್ದಾರೆ. ಒಂದು ಕಡೆ ಮಾತ್ರ ಹೆಸರೂ ಇಲ್ಲ, ಊರೂ ಇಲ್ಲ. 1968ರ ಒಂದು ತಾರೀಖು, ಅದರ ಮುಂದೆ ‘ಗಂಟೆ ಬಾರಿಸಲಿಲ್ಲ’ ಎಂದಷ್ಟೇ ಇದೆ. ಅಮ್ಮ ಆ ಸಾಲನ್ನು ಮತ್ತೆ ಮತ್ತೆ ಓದಿದರು. ಪುಸ್ತಕವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ರಾತ್ರಿ ಬಸ್ಸು ಹತ್ತಿದೆವು.

ಶುಕ್ರವಾರ, ಮಂಗಳೂರು

ದೊಡ್ಡಮ್ಮ ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಮನೆಗೆ ಹೋಗಿ ಸ್ನಾನ ಮಾಡಿ, ನೀರು ದೋಸೆ ತಿಂದು ಸೀದಾ ಬಲ್ಮಠಕ್ಕೆ ಹೊರಟೆವು.

ಬಲ್ಮಠದ ಗುಡ್ಡೆಗೆ ಬಂದರೆ ನಮ್ಮ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಯ ಇಡೀ ಚರಿತ್ರೆ ಒಂದೇ ಕಡೆ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನ್ ಕಳಿಸಿದ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರಲ್ಲಿ ಈ ಕರಾವಳಿಗೆ ಬಂದರು. ಎರಡು ವರ್ಷದ ನಂತರ ಹರ್ಮನ್ ಮೋಗ್ಲಿಂಗ್ ಬಂದರು. 1841ರಲ್ಲಿ ಇಲ್ಲಿ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಮೋಗ್ಲಿಂಗ್ ಇಲ್ಲಿಂದಲೇ ಹೊರತಂದರು. ಕಿಟ್ಟೆಲ್ ಅವರ ದೊಡ್ಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಮುದ್ರಣಾಲಯದಲ್ಲೇ.

ಪತ್ರಿಕೆಯ ಕಥೆ, ನಿಘಂಟಿನ ಕಥೆ ಎಲ್ಲರಿಗೂ ಗೊತ್ತು. ಅದೇ ಜನ ಕನ್ನಡದಲ್ಲಿ ಹಾಡುಗಳನ್ನೂ ಬರೆದರು ಎಂಬುದು ಸಭೆಯ ಹೊರಗೆ ಅಷ್ಟಾಗಿ ಗೊತ್ತಿಲ್ಲ. ಅವರ ಊರಿನ ಜರ್ಮನ್ ರಾಗಗಳು, ನಮ್ಮ ಮಾತು. ನಾಲ್ಕು ದನಿಯಲ್ಲಿ ಹಾಡುವ ಕ್ರಮವೂ ಅವರ ಜೊತೆಗೇ ಬಂತು. ಅಜ್ಜಿಗೆ ಈ ಹಾಡುಗಳು ಹೊರಗಿಂದ ಬಂದವು ಎಂದು ಯಾವತ್ತೂ ಅನ್ನಿಸಿರಲಿಕ್ಕಿಲ್ಲ. ಅವರ ಅಮ್ಮ ತೊಟ್ಟಿಲು ತೂಗುವಾಗ ಹಾಡಿದ್ದೂ ಅವನ್ನೇ.

ಶಾಂತಿ ಕೆಥೆಡ್ರಲ್ ಒಳಗೆ ಆ ಹೊತ್ತಿಗೆ ಯಾರೂ ಇರಲಿಲ್ಲ. ಅಜ್ಜಿಗೆ ದೃಢೀಕರಣ, ಅಂದರೆ ಸಭೆಯ ಪೂರ್ಣ ಸದಸ್ಯರಾಗುವ ವಿಧಿ, ಆದದ್ದು ಇಲ್ಲಿ. ಅದಕ್ಕೆ ಮೊದಲು ತಿಂಗಳುಗಟ್ಟಲೆ ಪಾಠ ಇತ್ತಂತೆ. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಬೈಬಲಿನ ಕೀರ್ತನೆಗಳು, ಎಲ್ಲ ಬಾಯಿಪಾಠ. ಕೊನೆಯ ವರ್ಷಗಳಲ್ಲಿ ಅಜ್ಜಿಗೆ ನಮ್ಮ ಹೆಸರುಗಳು ಮರೆತುಹೋಗುತ್ತಿದ್ದವು. ಕೀರ್ತನೆ 23 ಮಾತ್ರ ಒಂದು ಅಕ್ಷರ ತಪ್ಪದೆ ಬರುತ್ತಿತ್ತು. ಅಮ್ಮ ಮತ್ತು ದೊಡ್ಡಮ್ಮ ಮುಂದಿನ ಬೆಂಚಿನಲ್ಲಿ ಕೂತು ಅದನ್ನೇ ಹೇಳಿದರು. ನಾನು ಹಿಂದೆ ಕೂತು ಕೇಳಿದೆ.

ಮಧ್ಯಾಹ್ನ ಜೆಪ್ಪುವಿಗೆ ಹೋದೆವು. ಮಂಗಳೂರು ಹಂಚಿನ ಕಥೆ ಶುರುವಾಗುವುದೇ ಇಲ್ಲಿ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ದಡದ ಜೇಡಿಮಣ್ಣು ಬೇಕಾದಷ್ಟಿತ್ತು. ಆದರೆ ದೇವರ ಕೆಲಸಕ್ಕೆ ಬಂದವರಿಗೆ ಹಂಚಿನ ಕಾರ್ಖಾನೆ ಯಾಕೆ ಬೇಕಿತ್ತು? ಆ ಕಾಲದಲ್ಲಿ ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಗೇಣಿಗೆ ಮಾಡುತ್ತಿದ್ದ ಗದ್ದೆ ಹೋಗುತ್ತಿತ್ತು, ಕುಲಕಸುಬು ಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆ ದಾರಿ ಬೇಕಿತ್ತು. ಹಾಗಾಗಿ ನೇಯ್ಗೆ ಬಂತು, ಮುದ್ರಣ ಬಂತು, ಹಂಚು ಬಂತು.

ಅಜ್ಜಿಯ ಅಪ್ಪ ಇಲ್ಲಿ ಬಟ್ಟಿಯ ಕೆಲಸದಲ್ಲಿದ್ದರು. ಅವರ ಕಾಲಕ್ಕೆ ಕಾರ್ಖಾನೆ ಮಿಷನ್ನಿನದಾಗಿ ಉಳಿದಿರಲಿಲ್ಲ. ಮಿಷನ್ನಿನಲ್ಲಿ ಜರ್ಮನರು ಹೆಚ್ಚಿದ್ದರಿಂದ ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಅದನ್ನು ಶತ್ರು ದೇಶದವರ ಆಸ್ತಿ ಎಂದು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಯಜಮಾನರು ಬದಲಾದರು, ಬಟ್ಟಿಯ ಬೆಂಕಿ ಅದೇ. ದೊಡ್ಡಮ್ಮ ದಾರಿಯಲ್ಲಿ ಒಂದು ಹಳೆಯ ಗೋಡೆ ತೋರಿಸಿ, ಇದರ ಆಚೆಗೇ ಅಜ್ಜಿಯ ಮನೆ ಇತ್ತು ಎಂದರು. ಈಗ ಅಲ್ಲಿ ಎತ್ತರದ ಫ್ಲಾಟುಗಳು.

ಅಜ್ಜಿಗೆ ಒಂಬತ್ತು ವರ್ಷ ಆಗಿದ್ದಾಗ ಅವರ ಅಮ್ಮ ಹೆರಿಗೆಯಲ್ಲಿ ತೀರಿಕೊಂಡರು. ಅಪ್ಪನ ಕಡೆಯ ನೆಂಟರು ಯಾರೂ ಬರಲಿಲ್ಲ. ಮತಾಂತರವಾಗಿ ಎರಡು ತಲೆಮಾರು ಕಳೆದಿದ್ದರೂ ಆ ಕಡೆಯವರು ಇವರ ಮನೆಯ ಹೊಸಿಲು ದಾಟುತ್ತಿರಲಿಲ್ಲವಂತೆ. ಬಂದವರು ಸಭೆಯ ಹೆಂಗಸರು. ರಾತ್ರಿಯಿಡೀ ಕೂತು ಹಾಡಿದರು. “ಹಾಡು ನಿಂತರೆ ನನಗೆ ಹೆದರಿಕೆ ಆಗ್ತಿತ್ತು. ಅವರು ನಿಲ್ಲಿಸಲೇ ಇಲ್ಲ” ಎಂದು ಅಜ್ಜಿ ಹೇಳುತ್ತಿದ್ದರಂತೆ. ಇದನ್ನು ದೊಡ್ಡಮ್ಮ ಅದೇ ಗೋಡೆಯ ಹತ್ತಿರ ನಿಂತು ಹೇಳಿದರು. ನಾನು ಮೊದಲ ಸಲ ಕೇಳಿದ್ದು.

ನಮ್ಮ ಸಭೆಗಳಲ್ಲಿ ಸಾವಿನ ಮನೆಯ ಹಾಡಿಗೆ ಯಾಕಿಷ್ಟು ಬೆಲೆ ಎಂದು ಆಗ ಸ್ವಲ್ಪ ಅರ್ಥವಾಯಿತು. ಹೆಗಲು ಕೊಡಲು ನೆಂಟರಿಲ್ಲದವರಿಗೆ ಸಭೆಯವರೇ ನೆಂಟರಾಗಬೇಕಿತ್ತು. ಹಾಡಲು ಬಂದರೆ, ನೀವು ನಮ್ಮವರು ಎಂದು ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಇದು ನನ್ನ ಯೋಚನೆ. ಅಜ್ಜಿ ಇಷ್ಟೆಲ್ಲ ಬಿಡಿಸಿ ಹೇಳಿದವರಲ್ಲ. ಸುಮ್ನೆ ಎದ್ದು ಹೋಗುತ್ತಿದ್ದರು.

ಶನಿವಾರ, ಮೂಲ್ಕಿ

ಬೆಳಗ್ಗೆ ಬಸ್ಸಿನಲ್ಲಿ ಉತ್ತರಕ್ಕೆ ಹೊರಟೆವು. ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ. ಮೂಲ್ಕಿ ದಾಟಿದರೆ ಶಾಂಭವಿ, ಉದ್ಯಾವರದಲ್ಲಿ ಪಾಪನಾಶಿನಿ. ಉಡುಪಿ ಮುಟ್ಟುವಷ್ಟರಲ್ಲಿ ಇಷ್ಟು ಹೊಳೆಗಳು ಬರುತ್ತವೆ. ಈಗ ಸೇತುವೆ ದಾಟಿದ್ದೇ ಗೊತ್ತಾಗುವುದಿಲ್ಲ. ಅಜ್ಜಿ ಚಿಕ್ಕವರಿದ್ದಾಗ ಹೊಳೆ ದಾಟಲು ದೋಣಿಗೆ ಕಾಯಬೇಕಿತ್ತಂತೆ. ರಜೆ ಮುಗಿಸಿ ಬೋರ್ಡಿಂಗಿಗೆ ಹೋಗುವಾಗ ಹೊಳೆ ತುಂಬಿ ಹರಿದು ದೋಣಿ ಬಾರದಿರಲಿ ಎಂದು ಪ್ರಾರ್ಥನೆ ಮಾಡುತ್ತಿದ್ದೆ ಎಂದು ನಮ್ಮ ಹತ್ತಿರ ಹೇಳಿದ್ದರು.

ಅಮ್ಮನನ್ನು ಕಳಕೊಂಡ ಮೇಲೆ ಅವರನ್ನು ಕಳಿಸಿದ್ದು ಮೂಲ್ಕಿಗೆ, ಮಿಷನ್ನಿನ ಹುಡುಗಿಯರ ಬೋರ್ಡಿಂಗಿಗೆ. ಅಲ್ಲಿ ಬೆಳಗ್ಗೆ ಪ್ರಾರ್ಥನೆ, ಶಾಲೆ, ಹೊಲಿಗೆ, ಸಂಜೆ ಹಾಡಿನ ಅಭ್ಯಾಸ. ಅಜ್ಜಿಯ ಹೊಲಿಗೆ ಎಷ್ಟು ಸಣ್ಣದೆಂದರೆ ಕನ್ನಡಕ ಹಾಕಿದರೂ ನನಗೆ ದಾರ ಕಾಣುತ್ತಿರಲಿಲ್ಲ. ಅಲ್ಲೇ ಒಬ್ಬ ಟೀಚರ್ ಇವರ ದನಿ ಕೇಳಿ ಆಲ್ಟೊ, ಅಂದರೆ ಹೆಂಗಸರ ಕೆಳದನಿಯ, ಸಾಲಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಜೀವನಪೂರ್ತಿ ಅದೇ ಸಾಲು.

ಮೂಲ್ಕಿಯಲ್ಲಿ ಹೆಚ್ಚು ಹೊತ್ತು ಇರಲಿಲ್ಲ. ಅಜ್ಜಿಯ ಜೊತೆ ಓದಿದವರು ಯಾರೂ ಉಳಿದಿಲ್ಲ. ಸಭಾಪಾಲಕರು ಊರಲ್ಲಿರಲಿಲ್ಲ, ಅವರ ಮನೆಯವರು ಚಹಾ ಕೊಟ್ಟು ಸಮಾಧಿ ಸ್ಥಳದ ಬಾಗಿಲು ತೆಗೆಸಿದರು. ಪುಸ್ತಕದಲ್ಲಿ ಮೂಲ್ಕಿಯ ಹೆಸರುಗಳು ಕಡಿಮೆ. ಅದರಲ್ಲಿ ಒಂದು ಗೋರಿ ಸಿಕ್ಕಿತು. ಕಲ್ಲಿನ ಮೇಲಿನ ತಾರೀಖಿಗೂ ಪುಸ್ತಕದ ತಾರೀಖಿಗೂ ಒಂದು ದಿನದ ವ್ಯತ್ಯಾಸ, ಅಷ್ಟೇ. ಕಲ್ಲಿನ ಮೇಲೆ ಸತ್ತ ದಿನ, ಪುಸ್ತಕದಲ್ಲಿ ಮಣ್ಣು ಮಾಡಿದ ದಿನ. ಅಮ್ಮ ಸೆರಗಿನಿಂದ ಕಲ್ಲನ್ನು ಒರೆಸಿದರು. ಅದು ಅಜ್ಜಿಗೆ ಆಲ್ಟೊ ಕಲಿಸಿದ ಟೀಚರಿನ ಗೋರಿ.

ಭಾನುವಾರ, ಉಡುಪಿ

ಉಡುಪಿ ಎಂದರೆ ಎಲ್ಲರಿಗೂ ಕೃಷ್ಣ ಮಠ. ನಮ್ಮ ಮನೆಯಲ್ಲಿ ಉಡುಪಿ ಎಂದರೆ ಮಿಷನ್ ಆಸ್ಪತ್ರೆ. ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಶುರು ಮಾಡಿದ ಆಸ್ಪತ್ರೆ ಅದು. ಈಗ ಅದಕ್ಕೆ ಅವರದೇ ಹೆಸರು. ಊರವರ ಬಾಯಲ್ಲಿ ಈಗಲೂ ಮಿಷನ್ ಆಸ್ಪತ್ರೆ.

ಮೊದಲು ಆರಾಧನೆಗೆ ಹೋದೆವು. ಗಂಟೆ ಹೊಡೆಯುವ ಹೊತ್ತಿಗೆ ಒಳಗಿರಬೇಕು ಎಂಬುದು ಅಜ್ಜಿಯ ಕಟ್ಟುನಿಟ್ಟು. ಅಮ್ಮ ಅದನ್ನು ಇವತ್ತು ಸ್ವಲ್ಪ ಜಾಸ್ತಿಯೇ ಪಾಲಿಸಿದರು, ಅರ್ಧ ಗಂಟೆ ಮೊದಲೇ ಕೂತಿದ್ದೆವು. ಬಲಗಡೆ ಮೂರನೇ ಬೆಂಚು, ಕಿಟಕಿಯ ಬದಿ. ಅದು ಅಜ್ಜಿಯ ಜಾಗ. ಅಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಅಮ್ಮನ ಮುಖವನ್ನೇ ನೋಡಿದರು. ಆಮೇಲೆ ಒಂದೂ ಮಾತಾಡದೆ ಸರಿದು ಜಾಗ ಕೊಟ್ಟರು.

ನನ್ನ ಚಿಕ್ಕಂದಿನ ಒಂದು ವಿಷಯ ಇಲ್ಲಿ ಹೇಳಬೇಕು. ಅಜ್ಜಿ ಅಡುಗೆ ಮಾಡುವಾಗ, ಅಕ್ಕಿ ಆರಿಸುವಾಗ ಸಣ್ಣ ದನಿಯಲ್ಲಿ ಏನೋ ಗುನುಗುತ್ತಿದ್ದರು. ಅದು ಯಾವ ಹಾಡು ಎಂದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಒಂದೇ ಸ್ವರದಲ್ಲಿ ತುಂಬ ಹೊತ್ತು ನಿಲ್ಲುತ್ತಿತ್ತು, ಒಂದು ಮೆಟ್ಟಿಲು ಇಳಿಯುತ್ತಿತ್ತು, ಮತ್ತೆ ಅಲ್ಲಿಗೇ ಬರುತ್ತಿತ್ತು. ನನಗೆ ಆ ರಾಗ ಬಾಯಿಗೆ ಬಂದುಬಿಟ್ಟಿತ್ತು. ಸಭೆಯಲ್ಲಿ ಹಾಡುವ ಯಾವ ಹಾಡಿಗೂ ಅದು ಹೊಂದುತ್ತಿರಲಿಲ್ಲ. ಬೆಂಗಳೂರಿನ ನಮ್ಮ ಸಭೆಯಲ್ಲಿ ಎಲ್ಲರೂ ಒಂದೇ ದನಿಯಲ್ಲಿ, ಕೀಬೋರ್ಡಿನ ಜೊತೆ ಹಾಡುತ್ತಾರೆ.

ಉಡುಪಿಯಲ್ಲಿ ಎರಡನೇ ಗೀತೆ ಶುರುವಾಯಿತು. ಮೊದಲ ಚರಣ ಮುಗಿದ ಮೇಲೆ ಪಕ್ಕದ ಆ ಹೆಂಗಸು ಕೆಳದನಿಯಲ್ಲಿ ಆಲ್ಟೊ ಹಿಡಿದರು. ಅದು ಅಜ್ಜಿಯ ಅಡುಗೆಮನೆಯ ರಾಗ. ಅದೇ ನಿಲುಗಡೆ, ಅದೇ ಇಳಿತ. ಮೇಲಿನ ದನಿ ಅದರ ಮೇಲೆ ನಡೆದು ಹೋಗುತ್ತಿತ್ತು, ಕೆಳಗೆ ಗಂಡಸರ ಬಾಸ್. ಎಷ್ಟೋ ವರ್ಷ ನಾನು ಕೇಳಿದ್ದು ಹಾಡಿನ ಒಂದು ಪಾಲು ಮಾತ್ರ. ಉಳಿದ ಮೂರು ಪಾಲು ಅಜ್ಜಿಗೆ ಒಳಗೇ ಕೇಳಿಸುತ್ತಿದ್ದಿರಬೇಕು. ಮನೆಯಲ್ಲಿ ಒಬ್ಬರೇ ಇದ್ದಾಗಲೂ ಅವರು ಹಾಡುತ್ತಿದ್ದದ್ದು ಸಭೆಯ ಜೊತೆಗೇ. ನನಗೆ ಹಾಡಲಾಗಲಿಲ್ಲ. ಗಂಟಲು ಕಟ್ಟಿತು. ಅಮ್ಮ ಹಾಡಿದರು, ಪುಸ್ತಕ ತೆರೆಯದೆ.

ಆರಾಧನೆ ಮುಗಿದ ಮೇಲೆ ಆ ಹೆಂಗಸು ಅಮ್ಮನ ಕೈ ಹಿಡಿದುಕೊಂಡರು. ಅಜ್ಜಿಯ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನರ್ಸ್ ಅವರು. ಅಜ್ಜಿಗಿಂತ ಹನ್ನೆರಡು ವರ್ಷ ಚಿಕ್ಕವರು. ಅಮ್ಮ ಅವರನ್ನು ಆಂಟಿ ಎಂದು ಕರೆದರು, ನಾನೂ ಹಾಗೇ ಕರೆದೆ. “ಊಟ ಮಾಡದೆ ಹೋಗುವ ಹಾಗಿಲ್ಲ” ಎಂದು ಮನೆಗೆ ಕರಕೊಂಡು ಹೋದರು. ಕೋರಿ ರೊಟ್ಟಿ ಬಡಿಸುತ್ತಾ ರಾತ್ರಿ ಪಾಳಿಯ ಕಥೆಗಳನ್ನು ಹೇಳಿದರು. ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದ ರೋಗಿಯ ಹತ್ತಿರ ಅಜ್ಜಿ ಸ್ಟೂಲ್ ಹಾಕಿ ಕೂರುತ್ತಿದ್ದರಂತೆ. ರೋಗಿ ಯಾವ ಜಾತಿ, ಯಾವ ಧರ್ಮ ಎಂದು ನೋಡುತ್ತಿರಲಿಲ್ಲ. ಆದರೆ ಎಲ್ಲರಿಗೂ ಹಾಡುತ್ತಿರಲಿಲ್ಲ. ಮೊದಲು ಕೇಳುತ್ತಿದ್ದರು. ಬೇಡ ಎಂದವರ ಹತ್ತಿರ ಕೈ ಹಿಡಿದು ಸುಮ್ಮನೆ ಕೂರುತ್ತಿದ್ದರು. ನನಗೆ ಈ ಮಾತು ತುಂಬ ಮುಖ್ಯ ಅನ್ನಿಸಿತು. ಭಕ್ತಿ ಜಾಸ್ತಿ ಇದ್ದವರು ಕೇಳದೆಯೇ ಪ್ರಾರ್ಥನೆ ಶುರು ಮಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಊಟ ಆದ ಮೇಲೆ ಅಮ್ಮ ಪುಸ್ತಕ ಬಿಚ್ಚಿದರು. 1968ರ ಆ ಸಾಲಿನ ಮೇಲೆ ಬೆರಳಿಟ್ಟು, “ಆಂಟಿ, ಇದು ಯಾರದು?” ಎಂದು ಕೇಳಿದರು.

ಆಂಟಿ ಕನ್ನಡಕ ಹಾಕಿಕೊಂಡು ಓದಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನಾನೂ ಹೋಗಿದ್ದೆ” ಎಂದರು.

ಹತ್ತಿರದ ಒಂದು ಸಭೆಯವನು. ಕುಡಿತ ಇತ್ತು. ಹಿರಿಯರು ಎಷ್ಟೋ ಸಲ ಕರೆದು ಎಚ್ಚರಿಸಿದರು, ಕೊನೆಗೆ ಸಭೆಯಿಂದ ದೂರ ಇಟ್ಟರು. ಆಗಿನ ಸಭಾ ಶಿಸ್ತು ಹಾಗಿತ್ತು. ಕರ್ತನ ಭೋಜನ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸ, ಇಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ಅವನು ಸತ್ತದ್ದು ಆಸ್ಪತ್ರೆಯಲ್ಲಿ, ಅಜ್ಜಿಯ ವಾರ್ಡಿನಲ್ಲಿ. ಅವನ ಸಾವಿಗೆ ಚರ್ಚಿನ ಗಂಟೆ ಬಾರಿಸುವುದಿಲ್ಲ, ಸಭೆಯಿಂದ ಯಾರೂ ಬರುವುದಿಲ್ಲ ಎಂದು ಹೇಳಿಕಳಿಸಿದರು. ಹೆಂಡತಿ ಮತ್ತು ಒಂದು ಸಣ್ಣ ಹುಡುಗ, ಇಬ್ಬರೇ. ಅಜ್ಜಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಲಿಲ್ಲ. ಸಮವಸ್ತ್ರದಲ್ಲೇ ಪೆಟ್ಟಿಗೆಯ ಹಿಂದೆ ನಡೆದರು. ಆಂಟಿ ಮತ್ತೊಬ್ಬ ನರ್ಸನ್ನು ಕರೆದುಕೊಂಡು ಜೊತೆಗೆ ಹೋದರು. ಹೊತ್ತವರು ಆಸ್ಪತ್ರೆಯ ಕೆಲಸದವರು. ಗೋರಿಯ ಹತ್ತಿರ ಮೂವರು ಹೆಂಗಸರು ಗೀತೆಯ ಎಲ್ಲ ಚರಣಗಳನ್ನೂ ಹಾಡಿದರು. ಬೇರೆಯವರ ಸಾವಿಗೆ ಎರಡು ಚರಣ ಸಾಕು ಎಂದು ನಿಲ್ಲಿಸುವುದಿತ್ತು. ಅವತ್ತು ಅಜ್ಜಿ ಒಂದನ್ನೂ ಬಿಡಲಿಲ್ಲ.

“ಆಮೇಲೆ ಹಿರಿಯರು ಕರೆಸಿದರು” ಎಂದರು ಆಂಟಿ. “ನಿನ್ನ ಅಮ್ಮ ನಿಂತೇ ಮಾತಾಡಿದ್ದು. ಗಂಟೆ ಬಾರಿಸುವುದು ಬಿಡುವುದು ನಿಮಗೆ ಸೇರಿದ್ದು. ಹಾಡಬಾರದು ಅಂತ ಬೈಬಲಿನಲ್ಲಿ ಎಲ್ಲಿದೆ, ತೋರಿಸಿ, ನಾನು ಬಿಡ್ತೇನೆ ಅಂದರು. ಯಾರೂ ಏನೂ ಹೇಳಲಿಲ್ಲ. ಭಾನುವಾರ ಬಂದು ಅದೇ ಬೆಂಚಿನಲ್ಲಿ ಕೂತರು.”

ಅಮ್ಮ ಆ ವರ್ಷ ಸಣ್ಣ ಮಗು. ಈ ಸಂಗತಿ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ.

ನಾನು ಆ ಕೊನೆಯ ಮಾತನ್ನೇ ಯೋಚಿಸುತ್ತಿದ್ದೇನೆ. ಸಿಟ್ಟು ಬಂದು ಸಭೆ ಬಿಟ್ಟುಹೋಗುವುದು ಸುಲಭ. ಹಿರಿಯರು ಹೇಳಿದ್ದಕ್ಕೆ ತಲೆ ಆಡಿಸಿ ಕೂರುವುದು ಇನ್ನೂ ಸುಲಭ. ಅಜ್ಜಿ ಎರಡನ್ನೂ ಮಾಡಲಿಲ್ಲ. ಕಾಣಿಕೆ ಡಬ್ಬಿ, ಬೆಳೆ ಹಬ್ಬದ ಏಲಂ, ಸಂಡೇ ಸ್ಕೂಲ್, ಹೆಂಗಸರ ಕೂಟ, ಯಾವುದನ್ನೂ ಒಂದು ವಾರ ಬಿಡಲಿಲ್ಲ. ಅವರ ಶವಸಂಸ್ಕಾರದಲ್ಲಿ ಎಲ್ಲರೂ ಹೇಳಿದ್ದು “ತಪ್ಪದೆ ಚರ್ಚಿಗೆ ಬರುತ್ತಿದ್ದ ತಾಯಿ” ಎಂದು. ಅದು ನಿಜವೇ. ಆದರೆ ಅವರು ಬರುತ್ತಿದ್ದ ಸಭೆ, ಅವರ ಲೆಕ್ಕದಲ್ಲಿ, ಹಿರಿಯರ ಪಟ್ಟಿಗಿಂತ ದೊಡ್ಡದಿತ್ತು. ಹೊರಗೆ ಹಾಕಿದವರಿಗೆ ನೆಂಟರಾಗಲಿಕ್ಕೆ ಹುಟ್ಟಿದ ಸಭೆ ತಾನೇ ಒಬ್ಬನನ್ನು ಹೊರಗೆ ಹಾಕಿದರೆ ಜೆಪ್ಪುವಿನ ಆ ಒಂಬತ್ತು ವರ್ಷದ ಹುಡುಗಿ ಹೇಗೆ ಸುಮ್ಮನಿರುತ್ತಾಳೆ, ಅಲ್ವಾ?

ಸಂಜೆ ಆಸ್ಪತ್ರೆಯ ಅಂಗಳದಲ್ಲಿ ಸ್ವಲ್ಪ ಹೊತ್ತು ನಡೆದೆವು. ಆಂಟಿ ಆ ಮನುಷ್ಯನ ಹೆಸರು ಹೇಳಿದ್ದರು. ಅಮ್ಮ ಅಲ್ಲೇ ಒಂದು ಬೆಂಚಿನಲ್ಲಿ ಕೂತು, ಪೆನ್ಸಿಲ್ ಕೇಳಿ ತೆಗೆದುಕೊಂಡು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಅದನ್ನು ಬರೆದರು.

ಸೋಮವಾರ, ಮತ್ತೆ ಮಂಗಳೂರು

ಬೆಳಗ್ಗೆ ಮಲ್ಪೆಗೆ ಹೋಗುವ ಯೋಚನೆ ಇತ್ತು. ಅಷ್ಟರಲ್ಲಿ ಮಂಗಳೂರಿನಿಂದ ದೊಡ್ಡಮ್ಮನ ಫೋನ್. ಜೆಪ್ಪುವಿನಲ್ಲಿ ಹಳೆಯ ಪರಿಚಯದವರೊಬ್ಬರು ರಾತ್ರಿ ತೀರಿಕೊಂಡಿದ್ದಾರೆ, ಮೂರು ಗಂಟೆಗೆ ಮನೆಯಲ್ಲಿ ಪ್ರಾರ್ಥನೆ. ಅಮ್ಮ ನನ್ನನ್ನು ಕೇಳಲೂ ಇಲ್ಲ. ಮಲ್ಪೆ ಇನ್ನೊಮ್ಮೆ ಎಂದು ಚೀಲ ತುಂಬಿದರು. ಅಜ್ಜಿಯ ಪುಸ್ತಕದ ಆ ಪುಟಗಳ ಎರಡು ಪ್ರತಿ ಝೆರಾಕ್ಸ್ ಮಾಡಿಸಿ, ಒಂದನ್ನು ಆಂಟಿಗೆ ಕೊಟ್ಟು ಬಸ್ಸು ಹತ್ತಿದೆವು.

ಸಾವಿನ ಮನೆಯಲ್ಲಿ ಹಾಡುವವರು ಕಡಿಮೆ ಇದ್ದರು. ಹುಡುಗರೆಲ್ಲ ದುಬೈ, ಬೆಂಗಳೂರು. ಒಬ್ಬರು ಮೊಬೈಲಿನಲ್ಲಿ ಹಾಡು ಹಾಕೋಣವೇ ಎಂದು ಕೇಳಿದರು. ದೊಡ್ಡಮ್ಮ ಬೇಡ ಎಂದು ತಾವೇ ಶುರು ಮಾಡಿದರು. ಅಮ್ಮ ಆಲ್ಟೊ. ಗಂಡಸರ ಕಡೆಯಿಂದ ಒಬ್ಬರು ಬಾಸ್ ಹಿಡಿದರು, ಹಂಚಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರಂತೆ. ನಾಲ್ಕನೆಯ ದನಿಗೆ, ಅಂದರೆ ಗಂಡಸರ ಮೇಲಿನ ದನಿಯಾದ ಟೆನರ್‌ಗೆ, ಯಾರೂ ಇರಲಿಲ್ಲ. ಮೂರೇ ದನಿಯಲ್ಲಿ ಮುಗಿಸಿದರು.

ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವಾಗ ಅಮ್ಮ ಎಚ್ಚರವಾಗೇ ಇದ್ದರು. “ಟೆನರ್ ಹಾಡುವವರೇ ಇಲ್ಲ ನೋಡು. ನಿನ್ನ ದನಿಗೆ ಅದು ಸರಿಯಾಗ್ತದೆ, ನೀನು ಕಲಿ” ಎಂದರು. ಬೆಂಗಳೂರಿನ ನಮ್ಮ ಸಭೆಯಲ್ಲಿ ನಾಲ್ಕು ದನಿಯ ಹಾಡು ನಿಂತು ಎಷ್ಟೋ ವರ್ಷವಾಗಿದೆ. ಸಭಾಪಾಲಕರ ಹತ್ತಿರ ಮಾತಾಡಿದ್ದೇನೆ. ಐದಾರು ಜನ ಒಪ್ಪಿದ್ದಾರೆ. ಶನಿವಾರ ಸಂಜೆ ಆರಕ್ಕೆ ಅಭ್ಯಾಸ, ಆಲ್ಟೊ ಕಲಿಸುವುದು ಅಮ್ಮ. ಬಾಸ್‌ಗೆ ಇನ್ನೂ ಒಬ್ಬರು ಬೇಕು.